ಹಿಮಗಾಲಕ್ಕೆ ಸ್ಪೋರ್ಟ್ಸ್ ಕಾರು: ಓಡಿಸುವುದೇ, ನಿಲ್ಲಿಸುವುದೇ, ಬದಲಿಸುವುದೇ?

ಹಿಮ ಬೀಳುವ ಊರಿನಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಚಳಿಗಾಲ ಹತ್ತಿರವಾಗುತ್ತಿದ್ದಂತೆ ಗೊಂದಲ ಶುರುವಾಗುತ್ತದೆ. ಚಳಿಗಾಲದ ಟೈರು ಹಾಕಿಸಿ ಇದನ್ನೇ ಓಡಿಸೋಣವೇ? ವಸಂತ ಬರುವವರೆಗೆ ಹೊದಿಕೆ ಹಾಕಿ ನಿಲ್ಲಿಸಿಬಿಡೋಣವೇ? ಈ ನಾಲ್ಕು ತಿಂಗಳಿಗೆಂದೇ ಹಳೆಯ ಕಾರೊಂದನ್ನು ಕೊಳ್ಳೋಣವೇ? ಅಥವಾ ಇದನ್ನು ಮಾರಿ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಇನ್ನೊಂದು ವೇಗದ ಕಾರು ತರೋಣವೇ? ನಾಲ್ಕು ದಾರಿಗೂ ಗಟ್ಟಿಯಾಗಿ ವಾದಿಸುವವರಿದ್ದಾರೆ. ಅವರವರ ರಸ್ತೆಯ ಮಟ್ಟಿಗೆ ಅವರು ಹೇಳುವುದು ಸರಿಯೇ. ಅವರ ರಸ್ತೆಗೆ ಹೊಂದಿದ ಉತ್ತರವನ್ನು ನಮ್ಮ ರಸ್ತೆಗೆ ತಂದಾಗ ತೊಂದರೆಯಾಗುತ್ತದೆ.

ಆದ್ದರಿಂದ ಅಶ್ವಶಕ್ತಿ ಎಷ್ಟು, ಇಂಜಿನ್ ಎಲ್ಲಿದೆ, ಯಾವ ಚಕ್ರ ತಿರುಗುತ್ತದೆ ಎಂಬ ಮಾತಿಗೆ ಇಳಿಯುವ ಮೊದಲು ನೀವು ದಿನಾ ಓಡಾಡುವ ರಸ್ತೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕಾರಿನ ಪ್ರಶ್ನೆಗಳಲ್ಲಿ ಬಹುಪಾಲು ಅಲ್ಲೇ ಇತ್ಯರ್ಥವಾಗುತ್ತವೆ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಹಿಮದ ಆಳ. ಸಾಮಾನ್ಯವಾಗಿ ಸ್ಪೋರ್ಟ್ಸ್ ಕಾರಿನ ತಳ ನೆಲದಿಂದ 11ರಿಂದ 13 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಮುಂದಿನ ಬಂಪರಿನ ಅಂಚು ಅದಕ್ಕಿಂತಲೂ ತಗ್ಗಿರಬಹುದು. ಹಿಮ ಅಷ್ಟು ಎತ್ತರಕ್ಕೆ ಬಂತೆಂದರೆ ಕಾರಿನ ಹೊಟ್ಟೆ ಹಿಮದ ಮೇಲೆ ಕೂರುತ್ತದೆ, ಚಕ್ರಗಳ ಮೇಲಿನ ಭಾರ ಇಳಿಯುತ್ತದೆ, ಆಮೇಲೆ ಎಂಥ ಟೈರು ಇದ್ದರೂ ಅದು ನಿಂತಲ್ಲೇ ತಿರುಗುತ್ತದೆ. ಹಿಡಿತ ಸಾಲದಿದ್ದರೆ ಒಳ್ಳೆಯ ಟೈರು ಕೊಳ್ಳಬಹುದು, ಬ್ಯಾಟರಿ ಸೋತರೆ ಹೊಸದು ಹಾಕಿಸಬಹುದು. ನೆಲದಿಂದ ಇರುವ ಎತ್ತರಕ್ಕೆ ಮಾತ್ರ ಸುಲಭದ ಪರಿಹಾರವಿಲ್ಲ. ಹೀಗಾಗಿ ಕೇಳಿಕೊಳ್ಳಬೇಕಾದ್ದು, ರಾತ್ರಿ ಬಿದ್ದ ಹಿಮವನ್ನು ನೀವು ಬೆಳಗ್ಗೆ ಹೊರಡುವ ಹೊತ್ತಿಗೆ ತೆಗೆದಿರುತ್ತಾರೆಯೇ ಎಂದು. ಮುಖ್ಯರಸ್ತೆಯದ್ದಲ್ಲ, ನಿಮ್ಮ ಮನೆಯ ಮುಂದಿನ ಅಡ್ಡರಸ್ತೆಯದ್ದು. ಹಿಮ ತೆಗೆಯುವ ಗಾಡಿ ಹಾದುಹೋದ ಮೇಲೆ ಮನೆಯ ದಾರಿಯ ಬಾಯಿಗೆ ಅಡ್ಡಲಾಗಿ ಉಳಿಯುವ ಗಟ್ಟಿ ದಿಬ್ಬವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎತ್ತರದ ಕಾರು ಅದನ್ನು ಸಲೀಸಾಗಿ ದಾಟುತ್ತದೆ. ತಗ್ಗಿನ ಕಾರಿನ ಬಂಪರ್ ಒಡೆಯುವುದು ಹೆದ್ದಾರಿಯಲ್ಲಿ ಅಲ್ಲ, ಅಲ್ಲಿ.

ಎರಡನೆಯದು ಉಷ್ಣಾಂಶ ಮತ್ತು ಮಂಜುಗಡ್ಡೆ. ಚಳಿ ಹೆಚ್ಚಾದಷ್ಟೂ ಜಾರುವಿಕೆ ಹೆಚ್ಚು ಎಂದು ಅನ್ನಿಸುತ್ತದೆ, ಆದರೆ ಮಂಜುಗಡ್ಡೆ ಅತಿ ಹೆಚ್ಚು ಜಾರುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಅದರ ಮೇಲೆ ತೆಳುವಾಗಿ ನೀರು ಕೂತಿರುವಾಗ. ಮೈನಸ್ 20ರ ಒಣ ಮಂಜುಗಡ್ಡೆ ಅದಕ್ಕಿಂತ ವಾಸಿ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಊರು, ಇಡೀ ಚಳಿಗಾಲ ಗಟ್ಟಿಯಾಗಿಯೇ ಇರುವ ಊರಿಗಿಂತ ಎಷ್ಟೋ ಸಲ ಹೆಚ್ಚು ಅಪಾಯದ್ದು.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಒಂದು ಲೆಕ್ಕದಲ್ಲೇ ನೋಡಬಹುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ, ಒಣ ಡಾಂಬರಿನ ಮೇಲೆ, ಘರ್ಷಣೆಯ ಗುಣಾಂಕ (ಟೈರು ರಸ್ತೆಯನ್ನು ಎಷ್ಟು ಹಿಡಿಯುತ್ತದೆ ಎಂಬ ಅಳತೆ) 0.8 ಎಂದುಕೊಂಡರೆ, ಕಾರು ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.25ಕ್ಕೆ ಇಳಿದರೆ ಸುಮಾರು 40 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 0.1 ಇದ್ದರೆ ಸುಮಾರು 100 ಮೀಟರ್. ನಿಮ್ಮ ಕಾಲು ಬ್ರೇಕಿಗೆ ಹೋಗುವ ಹೊತ್ತಿನಲ್ಲಿ ಓಡಿದ ದೂರ ಇದರಲ್ಲಿ ಸೇರಿಲ್ಲ. ಕಾರಿನ ಬೆಲೆ, ಬ್ರೇಕಿನ ಗಾತ್ರ, ಸಿಲಿಂಡರುಗಳ ಸಂಖ್ಯೆ ಯಾವುದೂ ಈ ಲೆಕ್ಕದೊಳಗೆ ಬರುವುದಿಲ್ಲ. ಟೈರು ಮತ್ತು ರಸ್ತೆ ಎರಡೇ ಬರುತ್ತವೆ.

ಮೂರನೆಯದು, ಪ್ರಯಾಣವನ್ನು ಮುಂದೂಡುವ ಸ್ವಾತಂತ್ರ್ಯ. ಹಿಮಗಾಳಿಯ ದಿನ ಮನೆಯಿಂದಲೇ ಕೆಲಸ ಮಾಡಬಲ್ಲವರಿಗೂ, ಬೆಳಗ್ಗೆ 6ಕ್ಕೆ ಆಸ್ಪತ್ರೆಯ ಪಾಳಿಗೆ ಹಾಜರಾಗಲೇಬೇಕಾದವರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಇದನ್ನು ಜನ ಹಗುರವಾಗಿ ಕಾಣುತ್ತಾರೆ. ನನ್ನ ಮಟ್ಟಿಗೆ ಹಿಮದ ಆಳ ಬಿಟ್ಟರೆ ಇದೇ ಮುಖ್ಯ. ವರ್ಷಕ್ಕೆ ನಾಲ್ಕೈದು ಕೆಟ್ಟ ಬೆಳಗುಗಳನ್ನು ಬಿಟ್ಟುಕೊಡಬಲ್ಲವರಿಗೆ ಆಯ್ಕೆಗಳು ತುಂಬ ಅಗಲವಾಗುತ್ತವೆ.

ಉಳಿದವು ಎರಡು: ಕಾರನ್ನು ಒಣಗಿದ ಜಾಗದಲ್ಲಿ ನಿಲ್ಲಿಸುವ ಅನುಕೂಲ ಇದೆಯೇ, ಮತ್ತು ಈ ಕಾರನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುವ ಮನಸ್ಸಿದೆ. ಖರ್ಚಿನ ಮಾತನ್ನು ಒಂದೊಂದು ದಾರಿಯ ಜೊತೆಗೇ ನೋಡೋಣ.

ಇದ್ದ ಕಾರನ್ನೇ ಓಡಿಸುವುದು

ರಸ್ತೆಯ ಹಿಮ ತೆಗೆಯುವ ಊರಿನಲ್ಲಿದ್ದು, ಅತಿ ಕೆಟ್ಟ ದಿನಗಳನ್ನು ಬಿಟ್ಟುಕೊಡಬಲ್ಲವರಿಗೆ ನನ್ನ ಮೊದಲ ಸಲಹೆ ಇದೇ. ಒಂದೇ ಷರತ್ತು: ನಾಲ್ಕೂ ಚಕ್ರಕ್ಕೆ ನಿಜವಾದ ಚಳಿಗಾಲದ ಟೈರು.

ಸ್ಪೋರ್ಟ್ಸ್ ಕಾರಿನೊಂದಿಗೆ ಬರುವ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗತೊಡಗುತ್ತದೆ. ರಸ್ತೆ ಒಣಗಿದ್ದರೂ ಹಿಡಿತ ತಗ್ಗುತ್ತದೆ, ಹಿಮ ಬಿದ್ದರಂತೂ ಮುಗಿದೇಹೋಯಿತು. ರೇಸ್ ಟ್ರ್ಯಾಕಿನ ಟೈರನ್ನು ಹೋಲುವ ಟೈರುಗಳಲ್ಲಿ ಇನ್ನೊಂದು ತೊಂದರೆ ಇದೆ. ಸುಮಾರು ಮೈನಸ್ 7 ಡಿಗ್ರಿಗಿಂತ ಕೆಳಗೆ ಅವುಗಳ ಮೇಲ್ಮೈ ಬಿರುಕು ಬಿಡಬಹುದು, ಆ ಚಳಿಯಲ್ಲಿ ಕಾರನ್ನು ಅಲುಗಿಸಲೇಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಗ್ಯಾರೇಜಿನಿಂದ ಅಂಗಳಕ್ಕೆ ತಂದು ಮತ್ತೆ ಒಳಗಿಡುವುದೂ ಅದರಲ್ಲಿ ಸೇರುತ್ತದೆ.

ಚಳಿಗಾಲದ ಟೈರು ಎಂದರೆ ಒಂದೇ ಜಾತಿಯಲ್ಲ. ಆಯ್ಕೆ ತಪ್ಪುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕು.

ವೇಗದ ಕಾರುಗಳಿಗೆಂದು ಮಾಡಿದ ಪರ್ಫಾರ್ಮೆನ್ಸ್ ವಿಂಟರ್ ಟೈರು ಮಧ್ಯ ಯುರೋಪಿನಂಥ ಚಳಿಗೆ ಹೇಳಿಮಾಡಿಸಿದ್ದು. ರಸ್ತೆ ಬಹುಪಾಲು ತೇವವಾಗಿ, ತಣ್ಣಗೆ, ಆಗೊಮ್ಮೆ ಈಗೊಮ್ಮೆ ಹಿಮದ ಕೆಸರಿನಿಂದ ಕೂಡಿರುವ ಕಡೆ ಇದಕ್ಕಿಂತ ಒಳ್ಳೆಯದಿಲ್ಲ. ಸ್ಟಿಯರಿಂಗ್ ತನ್ನ ಚುರುಕು ಕಳೆದುಕೊಳ್ಳುವುದಿಲ್ಲ, ಹೆದ್ದಾರಿಯ ವೇಗಕ್ಕೆ ಅಂಜಿಕೆಯಿಲ್ಲ. ಗಟ್ಟಿ ಮಂಜುಗಡ್ಡೆಯ ಮೇಲೆ ಮಾತ್ರ ಇದು ಮಧ್ಯಮ.

ನಾರ್ಡಿಕ್ ಮಾದರಿಯ, ಅಂದರೆ ಉತ್ತರ ಯುರೋಪಿನಂಥ ಚಳಿಗೆಂದು ಮಾಡಿದ, ಮೊಳೆಯಿಲ್ಲದ ಟೈರಿನ ರಬ್ಬರು ಇನ್ನೂ ಮೆತ್ತಗೆ. ಅದರ ಮೈತುಂಬ ಕೂದಲೆಳೆಯಂಥ ಸೀಳುಗಳು. ಒಂದೊಂದು ಸೀಳಿನ ಅಂಚೂ ಮಂಜುಗಡ್ಡೆಯನ್ನು ಕಚ್ಚುತ್ತದೆ, ಮೇಲಿನ ನೀರಿನ ಪದರವನ್ನು ಒರೆಸುತ್ತದೆ. ಮೈನಸ್ 20ರಲ್ಲೂ ರಬ್ಬರು ರಬ್ಬರಾಗಿಯೇ ಉಳಿಯುತ್ತದೆ. ಇದಕ್ಕೆ ಬೆಲೆ ತೆರಬೇಕಾದದ್ದು ಒಣ ರಸ್ತೆಯಲ್ಲಿ. ತಿರುವಿನಲ್ಲಿ ಟೈರು ಮೈ ಹೊರಳಿಸಿದಂತೆ ಅನ್ನಿಸುತ್ತದೆ, ನೀವು ಸ್ಟಿಯರಿಂಗ್ ತಿರುಗಿಸಿದ್ದಕ್ಕೂ ಕಾರು ತಿರುಗಿದ್ದಕ್ಕೂ ನಡುವೆ ಸಣ್ಣ ವಿಳಂಬ ಕಾಣುತ್ತದೆ, ತಯಾರಕರು ಅನುಮತಿಸುವ ಗರಿಷ್ಠ ವೇಗವೂ ಕಡಿಮೆ. ಸ್ಪೋರ್ಟ್ಸ್ ಕಾರಿನ ಮೇಲೆ ಪ್ರೀತಿ ಇರುವವರಿಗೆ ಇದು ನಿಜವಾದ ನಷ್ಟವೇ. ಆದರೂ ರಸ್ತೆ ವಾರಗಟ್ಟಲೆ ಬೆಳ್ಳಗೇ ಇರುವ ಊರಿನವರಿಗೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿ ಒಣ ರಸ್ತೆಯ ಚುರುಕಿನಿಂದ ಏನು ಬಂತು?

ಮೈಯಲ್ಲಿ ಸಣ್ಣ ಲೋಹದ ಮೊಳೆಗಳಿರುವ ಮೊಳೆ ಟೈರು ಒದ್ದೆ ಮಂಜುಗಡ್ಡೆಯ ಮೇಲೆ ಎಲ್ಲರಿಗಿಂತ ಮುಂದೆ. ಅದರ ಸದ್ದು ಮತ್ತು ಬರಿಯ ಡಾಂಬರಿನ ಮೇಲಿನ ದುರ್ಬಲ ಬ್ರೇಕ್ ಅದರ ಕೊರತೆಗಳು. ಕಾನೂನನ್ನೂ ನೋಡಬೇಕು. ಸ್ವೀಡನ್, ಫಿನ್‌ಲ್ಯಾಂಡುಗಳಲ್ಲಿ ಚಳಿಗಾಲದ ತಿಂಗಳುಗಳಿಗೆ ಇದಕ್ಕೆ ಅನುಮತಿ ಇದೆ, ಜರ್ಮನಿಯಲ್ಲಿ ಸಾಮಾನ್ಯ ಬಳಕೆಗೆ ನಿಷೇಧ. ಜಪಾನ್ ರಸ್ತೆ ಸವೆದು ಏಳುವ ಧೂಳಿನ ಕಾರಣಕ್ಕೆ 1990ರಲ್ಲಿ ಇದರ ವಿರುದ್ಧ ಕಾನೂನು ತಂದಿತು. ಸರೋವರದಂಚಿನ ಅಥವಾ ಗುಡ್ಡದ ಮೇಲಿನ ಹಳ್ಳಿಯಲ್ಲಿ ಇರುವವರಿಗೆ ಬಿಟ್ಟರೆ ಸ್ಪೋರ್ಟ್ಸ್ ಕಾರಿಗೆ ಇದು ಬೇಕಾಗುವುದು ಅಪರೂಪ.

ಆಲ್ ಸೀಸನ್ ಟೈರು ವರ್ಷಕ್ಕೆ ಎರಡು ಸಲ ಬದಲಿಸುವ ತಾಪತ್ರಯ ತಪ್ಪಿಸುತ್ತದೆ. ಹಿಮ ವರ್ಷಕ್ಕೆ ಕೆಲವೇ ದಿನ ಬೀಳುವ ಕಡೆ ಒಪ್ಪಬಹುದು. ಬೇಸಿಗೆಯಲ್ಲಿ ಕಾರಿನ ಸ್ವಭಾವವನ್ನೂ ಚಳಿಗಾಲದಲ್ಲಿ ಹಿಡಿತವನ್ನೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಂತೆ ಆಗುವುದರಿಂದ ಕಟು ಚಳಿಯ ಊರಿಗೆ ನಾನು ಒಪ್ಪಲಾರೆ.

ಯಾವುದನ್ನೇ ಕೊಂಡರೂ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮಹರಳಿನ ಚಿತ್ರ ಇದೆಯೇ ನೋಡಿ. ಹಿಮದ ಮೇಲೆ ನಿಗದಿತ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಆ ಗುರುತು. ಬರೀ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಎಂದಿದ್ದರೆ ಅದಕ್ಕೆ ಅಂಥ ಪರೀಕ್ಷೆಯ ಬಲವಿಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಅದನ್ನು ಚಳಿಗಾಲದ ಟೈರೆಂದು ಒಪ್ಪುವುದನ್ನೇ ನಿಲ್ಲಿಸಿದ್ದಾರೆ. ಹಾಗೆಯೇ ಎಳೆಯುವ ಎರಡು ಚಕ್ರಕ್ಕಷ್ಟೇ ಹೊಸ ಟೈರು ಹಾಕಿ ಹಣ ಉಳಿಸುವ ಯೋಚನೆ ಬೇಡ. ಹಿಂದೆ ಹಿಡಿತ ಇದ್ದು ಮುಂದೆ ಇಲ್ಲದಿದ್ದರೆ ಕಾರು ತಿರುಗುವುದಿಲ್ಲ. ಮುಂದೆ ಇದ್ದು ಹಿಂದೆ ಇಲ್ಲದಿದ್ದರೆ ಬ್ರೇಕ್ ಒತ್ತಿದೊಡನೆ ಹಿಂಭಾಗ ಮುಂದಕ್ಕೆ ಬರುತ್ತದೆ.

ಅಗಲದ ವಿಷಯದಲ್ಲಿ ಸ್ಪೋರ್ಟ್ಸ್ ಕಾರಿನವರು ಒಂದಿಷ್ಟು ಬಾಗಬೇಕು. ಕಾರಿನ ಕೈಪಿಡಿ ಒಪ್ಪುವ ಅತಿ ಸಣ್ಣ ರಿಮ್ಮು, ಅತಿ ಕಿರಿದಾದ ಟೈರು ಚಳಿಗಾಲಕ್ಕೆ ಒಳ್ಳೆಯದು. ಕಿರಿದಾದ ಟೈರು ಹಿಮದ ಕೆಸರನ್ನು ಸೀಳಿಕೊಂಡು ಹೋಗುತ್ತದೆ, ಅಗಲದ್ದು ಅದರ ಮೇಲೆ ತೇಲಲು ನೋಡುತ್ತದೆ. ಟೈರಿನ ಪಕ್ಕೆ ಎತ್ತರವಿದ್ದಷ್ಟೂ ಹಿಮದಡಿ ಮುಚ್ಚಿಕೊಂಡ ಹೊಂಡಕ್ಕೆ ಬಿದ್ದಾಗ ರಿಮ್ಮು ಉಳಿಯುತ್ತದೆ. ಅಳತೆ ಎಷ್ಟು ಇಳಿಸಬಹುದು ಎಂಬುದಕ್ಕೆ ರಿಮ್ಮಿನೊಳಗೆ ಕೂರುವ ದೊಡ್ಡ ಬ್ರೇಕ್ ಕ್ಯಾಲಿಪರ್ (ಬ್ರೇಕ್ ತಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಮಿತಿ ಹಾಕುತ್ತದೆ. ಕೊಳ್ಳುವ ಮುನ್ನ ರಿಮ್ಮನ್ನು ಒಮ್ಮೆ ಕೂರಿಸಿ ನೋಡಲೇಬೇಕು. ಹೊಳಪಿಗಾಗಿ ಮೇಲ್ಮೈ ಕಡೆದ ಅಲಾಯ್ ಚಕ್ರಗಳಿಗೆ ಉಪ್ಪು ಶತ್ರು, ಮೆರುಗಿನ ಪದರದ ಕೆಳಗೆ ಅದು ಬಿಳಿ ಎಳೆಗಳಾಗಿ ಹರಿದಾಡುತ್ತದೆ. ಚಳಿಗಾಲಕ್ಕೆ ಸಾದಾ ಬಣ್ಣದ ರಿಮ್ಮು ಸಾಕು.

ಖರ್ಚಿಗೆ ಬಂದರೆ ಎರಡನೇ ಜೊತೆ ಟೈರು, ರಿಮ್ಮು ಎಂದಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಒಂದು ಜೊತೆ ಓಡುವಾಗ ಇನ್ನೊಂದು ಜೊತೆ ಸವೆಯುವುದಿಲ್ಲ. ದುಬಾರಿ ಬೇಸಿಗೆ ಟೈರಿಗೆ ಆಯಸ್ಸು ಸೇರುತ್ತದೆ. ನಾಲ್ಕು ದಾರಿಗಳಲ್ಲಿ ಬಳಸುತ್ತ ಹೋದಂತೆ ಖರ್ಚಿನ ಒಂದು ಪಾಲು ಹೀಗೆ ಹಿಂತಿರುಗುವುದು ಇದರಲ್ಲಿ ಮಾತ್ರ.

ಯಾವ ಚಕ್ರ ಎಳೆಯುತ್ತದೆ ಎಂಬುದು ಎಷ್ಟು ಮುಖ್ಯ

ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಕಾರು ಹಿಮಕ್ಕೆ ಆಗುವುದೇ ಇಲ್ಲ ಎನ್ನುವುದು ಅತಿಯಾದ ಮಾತು. ಎಳೆಯುವ ಚಕ್ರದ ಮೇಲೆ ಎಷ್ಟು ಭಾರ ಇದೆ ಎಂಬುದರ ಮೇಲೆ ಅದು ನಿಂತಿದೆ. ಪೋರ್ಷೆ 911ರಲ್ಲಿ ಇಂಜಿನ್ ಹಿಂಬದಿಯ ಅಚ್ಚಿನಾಚೆ ಇರುವುದರಿಂದ ಸುಮಾರು 60 ಪ್ರತಿಶತ ಭಾರ ಹಿಂದಿನ ಚಕ್ರಗಳ ಮೇಲಿರುತ್ತದೆ. ಒಳ್ಳೆಯ ಟೈರಿದ್ದರೆ ಹಿಮದಲ್ಲಿ ಅದು ಎಳೆಯುವ ರೀತಿ ಚೆನ್ನಾಗಿರುತ್ತದೆ. ಸವಾಲು ಮುಂಭಾಗದ್ದು: ಹಗುರವಾದ ಮುಂದಿನ ಚಕ್ರ ತಿರುವಿನಲ್ಲಿ ನೇರ ಹೋಗಲು ನೋಡುತ್ತದೆ. ಇಂಜಿನ್ ಮುಂದಿದ್ದು ಹಿಂದಿನ ಚಕ್ರ ಎಳೆಯುವ, ಭಾರ ಅರ್ಧರ್ಧ ಹಂಚಿದ ಕಾರುಗಳು ಏರಿನಲ್ಲಿ ಹೊರಡುವಾಗ ಹೆಚ್ಚು ಒದ್ದಾಡುತ್ತವೆ. ಡಿಕ್ಕಿಯಲ್ಲಿ ಮರಳಿನ ಚೀಲ ಹಾಕುವ ಹಳೆಯ ಉಪಾಯ ಸ್ವಲ್ಪ ಎಳೆತ ಕೊಡುತ್ತದೆ, ಜೊತೆಗೆ ಹಿಂಭಾಗ ಜಾರಿದಾಗ ಅದನ್ನು ತಡೆದು ನಿಲ್ಲಿಸುವುದನ್ನು ಕಷ್ಟ ಮಾಡುತ್ತದೆ. ಟೈರಿಗೆ ಹಾಕುವ ಹಣಕ್ಕೆ ಅದು ಬದಲಿಯಲ್ಲ.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೂ ಶಕ್ತಿ ಹೋಗುವಂತೆ ನೋಡಿಕೊಳ್ಳುವ ಭಾಗ) ಇರುವವರು ತಿಳಿದಿರಬೇಕಾದ ಮಾತೊಂದು. ಒಂದು ಚಕ್ರ ಹಿಮದ ಮೇಲೆ, ಇನ್ನೊಂದು ಡಾಂಬರಿನ ಮೇಲೆ ಇದ್ದಾಗ ಅದು ವರ. ಎರಡೂ ಮಂಜುಗಡ್ಡೆಯ ಮೇಲಿದ್ದಾಗ ಎರಡನ್ನೂ ಒಟ್ಟಿಗೇ ಜಾರಿಸಿ ಹಿಂಭಾಗವನ್ನು ಪಕ್ಕಕ್ಕೆ ಒಯ್ಯಬಹುದು. ಮ್ಯಾನುವಲ್ ಗೇರಿನ ಕಾರಿನಲ್ಲಿ ಒಂದು ಗೇರು ಇಳಿಸಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೂ ಅದೇ ಕತೆ, ಇಂಜಿನ್ನಿನ ಹಿಡಿತಕ್ಕೆ ಹಿಂದಿನ ಚಕ್ರಗಳು ಕ್ಷಣಕಾಲ ಕಟ್ಟಿಕೊಳ್ಳುತ್ತವೆ. ಎರಡನೇ ಗೇರಿನಲ್ಲಿ ಹೊರಡುವುದು, ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಆಫ್ ಮಾಡದಿರುವುದು, ಹಿಮದ ಮೋಡ್ ಇದ್ದರೆ ಅದನ್ನು ಹಾಕುವುದು ಇವಕ್ಕೆಲ್ಲ ಸಾಕಷ್ಟು ಪರಿಹಾರ. ಹೂತ ಕಾರನ್ನು ಹೊರಗೆಳೆಯುವಾಗ ಮಾತ್ರ, ಚಕ್ರ ಜಾರಿದರೆ ಶಕ್ತಿ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲನ್ನು ಸ್ವಲ್ಪ ಹೊತ್ತು ತೆಗೆಯಬೇಕಾಗುತ್ತದೆ, ಇಲ್ಲವಾದರೆ ಅದು ಇಂಜಿನ್ನಿನ ಉಸಿರನ್ನೇ ಕಟ್ಟಿಬಿಡುತ್ತದೆ.

ಈ ದಾರಿ ಹಿಡಿದರೆ ದಿನನಿತ್ಯ ಎದುರಾಗುವುದು

ಕೂಪೆಗಳ (ಎರಡು ಬಾಗಿಲಿನ, ತಗ್ಗು ಛಾವಣಿಯ ಕಾರುಗಳ) ಬಾಗಿಲಿನ ಗಾಜಿಗೆ ಸಾಮಾನ್ಯವಾಗಿ ಚೌಕಟ್ಟು ಇರುವುದಿಲ್ಲ. ಹಿಡಿಕೆ ಎಳೆದ ಕೂಡಲೇ ಗಾಜು ತುಸು ಕೆಳಗಿಳಿದು ರಬ್ಬರಿನ ಅಂಚಿನಿಂದ ಬಿಡಿಸಿಕೊಳ್ಳಬೇಕು. ರಾತ್ರಿ ಆ ಅಂಚಿನಲ್ಲಿ ನೀರು ಹೆಪ್ಪುಗಟ್ಟಿದ್ದರೆ ಗಾಜು ಇಳಿಯುವುದಿಲ್ಲ. ಆಗ ಬಾಗಿಲನ್ನು ಜಗ್ಗಿದರೆ ರಬ್ಬರು ಹರಿಯುತ್ತದೆ, ಗಾಜು ಎತ್ತಿಳಿಸುವ ಯಂತ್ರವೂ ಹಾಳಾಗಬಹುದು. ಗಾಜಿನ ಅಂಚನ್ನು ಅಂಗೈಯಿಂದ ಒಳಕ್ಕೆ ಮೆಲ್ಲಗೆ ಒತ್ತಿ ಮಂಜನ್ನು ಬಿರಿಸಿ, ಆಮೇಲೆ ಹಿಡಿಕೆ ಎಳೆಯಿರಿ. ಚಳಿಗಾಲಕ್ಕೆ ಮುಂಚೆಯೇ ಆ ರಬ್ಬರಿಗೆ ಸಿಲಿಕೋನ್ ಸವರಿಟ್ಟರೆ ಈ ಕಾಟ ಬಹಳಷ್ಟು ಕಡಿಮೆ.

ಇನ್ನೊಂದು, ಗಾಬರಿ ಹುಟ್ಟಿಸುವಂಥದ್ದು. ಹಿಮದಲ್ಲಿ ಓಡಿಸಿ ನಿಲ್ಲಿಸಿದ ಕಾರನ್ನು ಮರುದಿನ ತೆಗೆದರೆ ಸ್ಟಿಯರಿಂಗ್ ಗಡಗಡ ನಡುಗುತ್ತದೆ, ವೇಗ ಏರಿದಂತೆ ನಡುಕವೂ ಏರುತ್ತದೆ. ಸಸ್ಪೆನ್ಷನ್ ಮುರಿಯಿತೆಂದು ಅನ್ನಿಸುವಷ್ಟು. ಕಾರಣ ಸಾಮಾನ್ಯವಾಗಿ ರಿಮ್ಮಿನ ಒಳಬದಿಯಲ್ಲಿ ಒಂದೇ ಕಡೆ ಮೆತ್ತಿಕೊಂಡು ಗಟ್ಟಿಯಾದ ಹಿಮ. ಅಗಲವಾದ ರಿಮ್ಮಿನಲ್ಲಿ ಅದಕ್ಕೆ ಜಾಗ ಜಾಸ್ತಿ. ಬದಿಗೆ ನಿಲ್ಲಿಸಿ ಮರದ ಅಥವಾ ಪ್ಲಾಸ್ಟಿಕ್ಕಿನ ತುಂಡಿನಿಂದ ಕೆರೆದು ತೆಗೆದರೆ ನಡುಕ ಮಾಯ.

ಟೈರಿನ ಗಾಳಿಯ ಒತ್ತಡ ಪ್ರತಿ 5ರಿಂದ 6 ಡಿಗ್ರಿ ಇಳಿಕೆಗೆ ಸುಮಾರು 1 ಪಿಎಸ್‌ಐ (ಒತ್ತಡದ ಅಳತೆ) ತಗ್ಗುತ್ತದೆ. ಬೆಚ್ಚಗಿನ ದಿನ ತುಂಬಿಸಿದ ಗಾಳಿಯನ್ನು ನೆಚ್ಚಿಕೊಳ್ಳಬೇಡಿ. ಟೈರಿನ ಕಚ್ಚಿನ ಆಳ 4 ಮಿಲಿಮೀಟರಿಗೆ ಇಳಿದರೆ ಹಿಮದಲ್ಲಿ ಅದರ ಕೆಲಸ ಮುಗಿಯಿತೆಂದೇ ತಿಳಿಯಿರಿ, ಕಾನೂನು ಅದಕ್ಕಿಂತ ಕಡಿಮೆಗೆ ಒಪ್ಪಿದರೂ. ಇಂಜಿನ್ ಆಯಿಲ್ ವಿಷಯದಲ್ಲಿ ಕೈಪಿಡಿ ಹೇಳಿದ ಆಯ್ಕೆಗಳಲ್ಲಿ ತೆಳುವಾದದ್ದನ್ನು ಹಿಡಿಯಿರಿ. ಡಬ್ಬಿಯ ಮೇಲೆ 0ಡಬ್ಲ್ಯೂ (ಚಳಿಯಲ್ಲಿ ಎಷ್ಟು ತೆಳುವಾಗಿರುತ್ತದೆ ಎಂಬ ಗುರುತು) ಎಂದಿರುವ ಆಯಿಲನ್ನು ಮೈನಸ್ 35ರಲ್ಲಿ ಪರೀಕ್ಷಿಸಿರುತ್ತಾರೆ, 10ಡಬ್ಲ್ಯೂ ಎಂದಿದ್ದರೆ ಮೈನಸ್ 25ರಲ್ಲಿ. ಕೆಲವು ಹಳೆಯ ವೇಗದ ಇಂಜಿನ್ನುಗಳಿಗೆ ದಪ್ಪ ಆಯಿಲನ್ನೇ ಹೇಳಿರುತ್ತಾರೆ. ಅಂಥ ಕಾರಿಗೆ ಕಟು ಚಳಿಯ ಮುಂಜಾನೆ ಹಿತವಲ್ಲ.

ಮತ್ತೆ ಉಪ್ಪು. ರಸ್ತೆಗೆ ಸುರಿಯುವ ಉಪ್ಪು ಕಾರಿನಡಿಯ ಉಕ್ಕನ್ನು ಬ್ರೇಕ್ ಪೈಪಿನವರೆಗೆ ತಿನ್ನುತ್ತದೆ, ಅಲ್ಯೂಮಿನಿಯಂ ಉಕ್ಕಿಗೆ ತಾಗುವಲ್ಲಿ ಅದನ್ನೂ ಬಿಡುವುದಿಲ್ಲ. ಉಪ್ಪು ಮೆತ್ತಿದ ಒದ್ದೆ ಕಾರನ್ನು ಬಿಸಿ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಕಾರಿಗೆ ಉಪಕಾರವಾಯಿತೆಂದು ಅನ್ನಿಸುತ್ತದೆ. ನಿಜದಲ್ಲಿ ಬಿಸಿ, ತೇವ ಎರಡೂ ಸೇರಿ ತುಕ್ಕನ್ನು ಚುರುಕುಗೊಳಿಸುತ್ತವೆ. ಸೊನ್ನೆಗಿಂತ ಮೇಲಿರುವ ದಿನ ತಳಕ್ಕೆ ನೀರು ಹೊಡೆಸಿ ತೊಳೆಸಿ, ಒಣಗಿಸಿ, ಆಮೇಲೆ ಒಳಗೆ ನಿಲ್ಲಿಸಿ. ಇದನ್ನು ಇಡೀ ಚಳಿಗಾಲ ಮಾಡುವ ತಾಳ್ಮೆ ಇಲ್ಲ ಎಂದಾದರೆ, ಮತ್ತು ಕಾರನ್ನು ಇನ್ನೂ ಹತ್ತಿಪ್ಪತ್ತು ವರ್ಷ ಉಳಿಸಿಕೊಳ್ಳುವ ಆಸೆ ಇದ್ದರೆ, ಮುಂದಿನ ದಾರಿ ನೋಡಿ.

ನಿಲ್ಲಿಸಿಡುವುದು

ಅಪರೂಪದ ಕಾರು, ಹಳೆಯ ಕಾರು, ಬಟ್ಟೆಯ ಛಾವಣಿಯಲ್ಲಿ ಪ್ಲಾಸ್ಟಿಕ್ ಕಿಟಕಿ ಇರುವ ಕಾರು, ಇವುಗಳಿಗೆ ಇದೇ ಸರಿ. ಆ ಪ್ಲಾಸ್ಟಿಕ್ ಚಳಿಯಲ್ಲಿ ಗಾಜಿನಂತೆ ಬಿರಿಯುತ್ತದೆ. ಬಸ್ಸು ರೈಲಿನ ಅನುಕೂಲ ಇರುವವರಿಗೆ ನಾಲ್ಕರಲ್ಲಿ ಅತಿ ಅಗ್ಗದ ದಾರಿಯೂ ಇದೇ, ವಿಮೆಯಲ್ಲಿ ರಿಯಾಯಿತಿ ಸಿಗುವ ಕಡೆ ಇನ್ನಷ್ಟು.

ನಿಲ್ಲಿಸುವುದೆಂದರೆ ಬೀಗ ಹಾಕಿ ಮರೆಯುವುದಲ್ಲ. ನಿಲ್ಲಿಸುವ ಮುಂಚೆ ಆಯಿಲ್ ಬದಲಿಸಬೇಕು, ಹಳೆಯ ಆಯಿಲಿನಲ್ಲಿ ಸೇರಿದ ತೇವ ಮತ್ತು ಆಮ್ಲ ತಿಂಗಳುಗಟ್ಟಲೆ ಒಳಗೆ ಕೂರಬಾರದು. ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಹಾಕಬೇಕು. ಬ್ಯಾಟರಿಗೆ ಸದಾ ಸಣ್ಣ ಚಾರ್ಜ್ ಕೊಡುವ ಚಾರ್ಜರ್ ಜೋಡಿಸಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಥ ಚಳಿಯನ್ನೂ ತಡೆಯುತ್ತದೆ, ಖಾಲಿಯಾದದ್ದು ಸೊನ್ನೆಯ ಕೆಳಗೆ ಕೆಲವೇ ಡಿಗ್ರಿಗೆ ಹೆಪ್ಪುಗಟ್ಟಿ ಸೀಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಬೇಕು. ಗಾಳಿಯಾಡುವ ಹೊದಿಕೆ ಹಾಕಬೇಕು. ಹೊಗೆಕೊಳವೆಯ ಬಾಯಿಗೆ ಬಟ್ಟೆ ತುರುಕಿ ಇಲಿ ಬಾರದಂತೆ ನೋಡಿಕೊಳ್ಳಬೇಕು, ಆ ಬಟ್ಟೆಯ ನೆನಪಿಗೆ ಸ್ಟಿಯರಿಂಗಿಗೆ ಒಂದು ಚೀಟಿ ಕಟ್ಟಬೇಕು.

ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಇಂಜಿನ್ ಚಾಲೂ ಮಾಡುವ ಅಭ್ಯಾಸ ಇರುವವರು ದಯವಿಟ್ಟು ಬಿಡಿ. ಅಷ್ಟರಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಉರಿಯುವಾಗ ಹುಟ್ಟಿದ ನೀರು ಆಯಿಲಿನಲ್ಲೂ ಹೊಗೆಕೊಳವೆಯಲ್ಲೂ ಉಳಿದುಬಿಡುತ್ತದೆ.

ಬೀದಿಯಲ್ಲಿ ನಿಲ್ಲಿಸುವುದೊಂದೇ ಗತಿ ಎನ್ನುವವರಿಗೆ ಈ ದಾರಿ ಇಲ್ಲ. ಹಿಮ ತೆಗೆಯುವ ಗಾಡಿ ಎಸೆಯುವ ಉಪ್ಪು ಮತ್ತು ಹಿಮ ನಿಂತ ಕಾರಿನ ಮೇಲೆ ಬೀಳುತ್ತದೆ, ತೊಳೆಯುವವರಿಲ್ಲ. ಅದಕ್ಕಿಂತ ಓಡಿಸುವುದೇ ಮೇಲು.

ಚಳಿಗಾಲಕ್ಕೆ ಹಳೆಯ ಕಾರು

ಹಿಮ ತೆಗೆಯದ ರಸ್ತೆ, ತಪ್ಪಿಸಲಾಗದ ಪ್ರಯಾಣ, ಎರಡು ಕಾರು ನಿಲ್ಲಿಸಲು ಜಾಗ: ಮೂರೂ ಇದ್ದವರಿಗೆ ಈ ದಾರಿ. ಎತ್ತರದ ತಳದ, ಮುಂದಿನ ಚಕ್ರ ಎಳೆಯುವ ಸಾದಾ ಕಾರು ಚಳಿಗಾಲದ ಟೈರಿನೊಂದಿಗೆ ಅಂಥ ರಸ್ತೆಯಲ್ಲಿ ನಿಮ್ಮ ಸ್ಪೋರ್ಟ್ಸ್ ಕಾರಿಗಿಂತ ದೂರ ಹೋಗುತ್ತದೆ.

ಆದರೆ ‘ಅಗ್ಗದ ಕಾರು’ ಎಂಬ ಲೆಕ್ಕ ಬೇಗ ಬೆಳೆಯುತ್ತದೆ. ಅದಕ್ಕೂ ಟೈರು ಬೇಕು, ಬ್ಯಾಟರಿ ಬೇಕು, ವಿಮೆ, ನೋಂದಣಿ, ತಪಾಸಣೆ ಬೇಕು. ಮೈನಸ್ 18ರಲ್ಲಿ ಬ್ಯಾಟರಿಯ ಬಲ ಸುಮಾರು ಅರ್ಧಕ್ಕೆ ಇಳಿದಾಗ ಕೈಕೊಡುವುದು ಹಳೆಯ ಕಾರಿನ ಹಳೆಯ ಬ್ಯಾಟರಿಯೇ. ಎಲ್ಲಕ್ಕಿಂತ ಹೆಚ್ಚಾಗಿ, ಜಾರುವಾಗ ಕಾರನ್ನು ನೇರ ಮಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅದರಲ್ಲಿ ಇದೆಯೇ ನೋಡಲೇಬೇಕು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಐರೋಪ್ಯ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಹೊಸ ಕಾರುಗಳೆಲ್ಲಕ್ಕೂ ಅದು ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನ ಅಗ್ಗದ ಕಾರುಗಳಲ್ಲಿ ಬಹಳಷ್ಟಕ್ಕೆ ಇರಲಿಲ್ಲ. ವರ್ಷದ ಅತ್ಯಂತ ಅಪಾಯದ ತಿಂಗಳುಗಳಿಗೆಂದು ನಿಮ್ಮಲ್ಲಿರುವುದಕ್ಕಿಂತ ಕಡಿಮೆ ಸುರಕ್ಷೆಯ ಕಾರನ್ನು ತರುವುದಾದರೆ, ಉಪ್ಪಿನಿಂದ ಬಣ್ಣ ಉಳಿಯಿತೆಂಬ ಸಮಾಧಾನಕ್ಕೆ ಅದು ತೀರ ದುಬಾರಿ.

ನಾಲ್ಕೂ ಚಕ್ರ ಎಳೆಯುವ ವೇಗದ ಕಾರಿಗೆ ಹೋಗುವುದು

1980ರಲ್ಲಿ ಔಡಿ ಕ್ವಾಟ್ರೊ ಬಂದ ಮೇಲೆ ವೇಗದ ಕಾರು ಹಿಮಕ್ಕೆ ಅಂಜಬೇಕಿಲ್ಲ ಎಂಬ ನಂಬಿಕೆ ಬೇರೂರಿತು. ಅಲ್ಲಿಂದೀಚೆಗೆ 911 ಕರೆರಾ 4, 2025ರಲ್ಲಿ ತಯಾರಿಕೆ ನಿಂತ ನಿಸಾನ್ ಜಿಟಿ-ಆರ್, ಸುಬಾರು ಡಬ್ಲ್ಯೂಆರ್‌ಎಕ್ಸ್, ಟೊಯೊಟಾ ಜಿಆರ್ ಯಾರಿಸ್ ಹೀಗೆ ಬೇರೆಬೇರೆ ಬಜೆಟ್ಟಿಗೆ ಆಯ್ಕೆಗಳು ಬಂದಿವೆ. ಏರುರಸ್ತೆಯ ಮನೆಯವರಿಗೆ, ಸಿಗ್ನಲ್ಲಿನಲ್ಲಿ ಹೊರಡುವಾಗ ಚಕ್ರ ತಿರುಗಿ ಬೇಸತ್ತವರಿಗೆ ಇದು ಕೊಡುವ ನೆಮ್ಮದಿ ನಿಜ.

ಇದು ಏನು ಕೊಡುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿಯಬೇಕು. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಇದೆ. ನಾಲ್ಕಕ್ಕೂ ಶಕ್ತಿ ಕೊಟ್ಟ ಮಾತ್ರಕ್ಕೆ ಮೇಲೆ ಹೇಳಿದ 40 ಮೀಟರ್ 30 ಆಗುವುದಿಲ್ಲ. ತಿರುವಿನ ಹಿಡಿತವೂ ಟೈರಿನದ್ದೇ. ಬೇಸಿಗೆ ಟೈರು ಹಾಕಿದ, ನಾಲ್ಕೂ ಚಕ್ರ ಎಳೆಯುವ ಕಾರು, ಚಳಿಗಾಲದ ಟೈರು ಹಾಕಿದ, ಹಿಂದಿನ ಚಕ್ರ ಎಳೆಯುವ ಕಾರು ಎರಡರಲ್ಲಿ ಹಿಮದ ಇಳಿಜಾರಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಸಲೀಸಾಗಿ ವೇಗ ಹಿಡಿಯುವ ಕಾರು, ರಸ್ತೆ ಎಷ್ಟು ಜಾರುತ್ತಿದೆ ಎಂಬ ಸುಳಿವನ್ನೇ ಚಾಲಕನಿಗೆ ಮುಟ್ಟಿಸುವುದಿಲ್ಲ. ಅದು ಗೊತ್ತಾಗುವುದು ಬ್ರೇಕ್ ಒತ್ತಿದಾಗ.

ತಳದ ಎತ್ತರದ ತೊಡಕೂ ಹಾಗೆಯೇ ಉಳಿಯುತ್ತದೆ. ಇದಕ್ಕೆ ಕಾರ್ಖಾನೆಯಿಂದಲೇ ಉತ್ತರ ಬಂದದ್ದು ಅಪರೂಪ. 2022ರಲ್ಲಿ ಹೊರಬಂದ 911 ಡಕಾರ್ ನೆಲದಿಂದ 161 ಮಿಲಿಮೀಟರ್ ಎತ್ತರದಲ್ಲಿದೆ, ಬೇಕೆಂದಾಗ ಇನ್ನೂ 30 ಮಿಲಿಮೀಟರ್ ಮೇಲೇಳುತ್ತದೆ. ತಯಾರಾದದ್ದು 2,500 ಮಾತ್ರ. ಬೆಲೆಯೂ ಹೆಚ್ಚಿನವರ ಕೈಗೆ ಎಟಕುವಂಥದ್ದಲ್ಲ. ಸುಬಾರು, ಯಾರಿಸ್ ಮಾದರಿಯ ಕಾರುಗಳು ತಗ್ಗಿನ ಕೂಪೆಗಳಿಗಿಂತ ಈ ವಿಷಯದಲ್ಲಿ ಸುಲಭ. ವರ್ಷವಿಡೀ ಒಂದೇ ಕಾರು, ಜೊತೆಗೆ ಚಳಿಗಾಲದಲ್ಲೂ ಚಾಲನೆಯ ಸುಖ ಬೇಕೆನ್ನುವವರು ಇವನ್ನು ಓಡಿಸಿ ನೋಡಬೇಕು. ಟೈರಿನ ಖರ್ಚು ಇಲ್ಲಿ ತಪ್ಪುವುದಿಲ್ಲ ಎಂಬುದನ್ನು ಬೆಲೆಗೆ ಸೇರಿಸಿಕೊಳ್ಳಿ. ಸಣ್ಣ ತೆರೆದ ಕಾರನ್ನು ಅದರ ಹಗುರತನಕ್ಕಾಗಿಯೇ ಪ್ರೀತಿಸುವವರು ಮಾತ್ರ ಎಂಟು ತಿಂಗಳ ಸಂತೋಷವನ್ನು ನಾಲ್ಕು ತಿಂಗಳಿಗಾಗಿ ಮಾರಬಾರದು ಎಂಬುದು ನನ್ನ ಮಾತು.

ಇನ್ನೂ ತೀರ್ಮಾನ ಆಗದವರಿಗೆ

ಮೊದಲ ವರ್ಷ ಇದ್ದ ಕಾರಿಗೆ ಟೈರು ಹಾಕಿಸಿ ನೋಡುವುದು ಹಿಂದೆಗೆದುಕೊಳ್ಳಲು ಸುಲಭವಾದ ಹೆಜ್ಜೆ. ಮಾರಿದ ಕಾರು ವಾಪಸು ಬರುವುದಿಲ್ಲ, ಒಳ್ಳೆಯ ಸ್ಥಿತಿಯ ಟೈರು ಮತ್ತು ರಿಮ್ಮನ್ನು ಅದೇ ಮಾದರಿಯ ಕಾರಿರುವ ಇನ್ನೊಬ್ಬರು ಕೊಳ್ಳುತ್ತಾರೆ. ಮೊದಲ ಹಿಮ ಬಿದ್ದ ವಾರ ಟೈರಿನ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ, ಬೇಕಾದ ಅಳತೆ ಸಿಗುವುದಿಲ್ಲ. ಸ್ಪೋರ್ಟ್ಸ್ ಕಾರಿನಲ್ಲಿ ಮುಂದೆ ಒಂದು, ಹಿಂದೆ ಒಂದು ಅಳತೆ ಇರುವುದೇ ಹೆಚ್ಚು, ಅವು ಇನ್ನೂ ಕಷ್ಟ. ಬೆಳಗಿನ ಉಷ್ಣಾಂಶ ಒಂದೇ ಸಮನೆ 7 ಡಿಗ್ರಿಗಿಂತ ಕೆಳಗೆ ನಿಲ್ಲುವ ಮೊದಲೇ ತರಿಸಿ ಹಾಕಿಸಿ. ಹಾಕಿದ ಮೇಲೆ ಮೊದಲ ಹಿಮದ ದಿನ ಖಾಲಿ ಮೈದಾನದಂಥ ಸುರಕ್ಷಿತ, ಅನುಮತಿ ಇರುವ ಜಾಗ ಹುಡುಕಿ, ನಿಧಾನ ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿ ನೋಡಿ. ಚಕ್ರ ಕಟ್ಟಿಕೊಳ್ಳದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಎಬಿಎಸ್ ವ್ಯವಸ್ಥೆ ಕಾಲಡಿ ಹೇಗೆ ಮಿಡಿಯುತ್ತದೆ, ಕಾರು ಎಷ್ಟು ದೂರಕ್ಕೆ ನಿಲ್ಲುತ್ತದೆ, ಬ್ರೇಕ್ ಬಿಟ್ಟಾಗ ಸ್ಟಿಯರಿಂಗ್ ಹೇಗೆ ಮರಳಿ ಹಿಡಿತಕ್ಕೆ ಬರುತ್ತದೆ ಎಂದು ಗಮನಿಸಿ. ಸಡಿಲ ಹಿಮದಲ್ಲಿ ಎಬಿಎಸ್ ನಿಲ್ಲುವ ದೂರವನ್ನು ಹೆಚ್ಚಿಸುವುದೂ ಉಂಟು, ಅದನ್ನು ಅಲ್ಲೇ ಕಂಡುಕೊಳ್ಳುವುದು ಒಳ್ಳೆಯದು. ಅದೇ ದಿನ ಮನೆಗೆ ಬಂದು, ಕಾರಿನ ತಳಕ್ಕೆ ಎಷ್ಟು ಹಿಮ ಉಜ್ಜಿದೆ ಎಂದು ಬಗ್ಗಿ ನೋಡಿ. ಬಂಪರಿನ ಅಡಿ ಪೂರ್ತಿ ಬೆಳ್ಳಗಿದ್ದರೆ, ಅಷ್ಟು ಹಿಮ ಬಿದ್ದ ದಿನ ನಿಮ್ಮ ರಸ್ತೆಗೆ ಆ ಕಾರು ಇಳಿಯಬಾರದು.